ಬಸ್ಸಿನಲ್ಲಿ ಕೇಳಿಸಬೇಕಾದ ಹತ್ತು ನಿಮಿಷ

ವಿಜಯಪುರದ ಒಂದು ಪದವಿ ಕಾಲೇಜಿನ ವಿದ್ಯಾರ್ಥಿಗಳು ಪಾಡ್‌ಕಾಸ್ಟ್ (ಇಂಟರ್‌ನೆಟ್ಟಿನಲ್ಲಿ ಬಿಡುವ ಧ್ವನಿ ಕಾರ್ಯಕ್ರಮ) ಮಾಡುತ್ತೇವೆ ಎಂದು ನನ್ನನ್ನು ಕರೆಸಿದಾಗ ಅವರ ಬಳಿ ಹೆಸರಿತ್ತು, ಲಾಂಛನವಿತ್ತು, ಎರಡು ಮೈಕ್‌ಗಳಿದ್ದವು, ಶೀರ್ಷಿಕೆ ಗೀತೆಯೂ ಸಿದ್ಧವಾಗಿತ್ತು. ‘ಯಾರು ಕೇಳುತ್ತಾರೆ?’ ಎಂದೆ. ‘ಎಲ್ಲರೂ ಸರ್’ ಎಂದರು. ಎಲ್ಲರಿಗಾಗಿ ಮಾಡಿದ ಆ ಮೊದಲ ಸಂಚಿಕೆ ನಲವತ್ತೆರಡು ನಿಮಿಷದ್ದು. ಮಾಡಿದವರೇ ಅದನ್ನು ಪೂರ್ತಿ ಕೇಳಿರಲಿಲ್ಲ.

ಮುಂದಿನ ಆರು ತಿಂಗಳಲ್ಲಿ ಅವರೊಂದಿಗೆ ನಾನೂ ಎಡವಿದೆ. ಆ ಅನುಭವದಿಂದ ಹೊರಟ ಕ್ರಮ ಇದು. ಮೈಕ್ ಯಾವುದು ಕೊಳ್ಳಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ನಿಮ್ಮ ಮೊಬೈಲಿನದೇ ಸಾಕು.

ಮೊದಲು ಬಸ್ ನಿಲ್ದಾಣಕ್ಕೆ ಹೋಗಿ

ಕೇಳುಗರು ಯಾರು ಎಂಬುದನ್ನು ಕೋಣೆಯಲ್ಲಿ ಕುಳಿತು ಊಹಿಸಬೇಡಿ. ತಿಕೋಟಾ, ಬಬಲೇಶ್ವರ, ಬಸವನ ಬಾಗೇವಾಡಿ ಕಡೆಯಿಂದ ಬರುವ ಬಸ್ಸುಗಳು ಬೆಳಿಗ್ಗೆ ವಿದ್ಯಾರ್ಥಿಗಳನ್ನು ಇಳಿಸುವ ಜಾಗಕ್ಕೆ ಹೋಗಿ ಇಪ್ಪತ್ತು ಜನರನ್ನು ಮಾತನಾಡಿಸಿ. ನಾಲ್ಕೇ ಪ್ರಶ್ನೆ: ಯಾವ ಹೊತ್ತಿನಲ್ಲಿ ಕೇಳುತ್ತೀರಿ, ಯಾವುದರಲ್ಲಿ ಕೇಳುತ್ತೀರಿ, ಆಗ ಪಕ್ಕದಲ್ಲಿ ಯಾರಿರುತ್ತಾರೆ, ಕಳೆದ ವಾರ ಯಾವ ಮಾಹಿತಿ ಸಿಗದೆ ಪರದಾಡಿದಿರಿ? ‘ನಿಮಗೆ ಎಂಥ ಕಾರ್ಯಕ್ರಮ ಬೇಕು’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆ ಎಂದು ಎಲ್ಲರೂ ಸಭ್ಯವಾಗಿ ಹೇಳಿ ಹೋಗುತ್ತಾರೆ.

ನಮ್ಮ ತಂಡಕ್ಕೆ ಅಲ್ಲಿ ಸಿಕ್ಕ ಪಾಠ ನಾನೂ ಎಣಿಸಿರಲಿಲ್ಲ. ಇಬ್ಬರು ಗೆಳತಿಯರು ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ಕುಳಿತಿದ್ದರು. ನಮ್ಮ ಸಂಚಿಕೆಯನ್ನೇ ಹಾಕಿಕೊಟ್ಟೆವು. ಒಬ್ಬಳು ‘ಬರೀ ಪ್ರಶ್ನೆ ಕೇಳಿಸುತ್ತಿದೆ’ ಎಂದಳು, ಇನ್ನೊಬ್ಬಳು ‘ನನಗೆ ಬರೀ ಉತ್ತರ’ ಎಂದಳು. ನಿರೂಪಕನ ಮೈಕ್ ಎಡಗಿವಿಗೆ, ಅತಿಥಿಯ ಮೈಕ್ ಬಲಗಿವಿಗೆ ಹೋಗುವಂತೆ ಸ್ಟೀರಿಯೊದಲ್ಲಿ ಮುದ್ರಿಸಿದ್ದರ ಫಲ. ಅಂದಿನಿಂದ ಎಲ್ಲ ಸಂಚಿಕೆಗಳೂ ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ. ಇದರಿಂದ ಡೇಟಾ ಕೂಡ ಉಳಿಯುತ್ತದೆ. ಬರೀ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ಗುಣಮಟ್ಟದ ಎಂಪಿ3 ಸಾಕು. ಹತ್ತು ನಿಮಿಷದ ಕಡತ ಐದು ಎಂಬಿಗೂ ಒಳಗೇ ನಿಲ್ಲುತ್ತದೆ.

ಹತ್ತು ನಿಮಿಷ ಎಂಬ ಅಳತೆ ಬಂದದ್ದೂ ಅಲ್ಲಿಂದಲೇ. ಬಸ್ ಹತ್ತಿ, ಸೀಟು ಹುಡುಕಿ, ಗೆಳೆಯರೊಂದಿಗೆ ಮಾತು ಮುಗಿಸಿ, ಇಳಿಯುವ ಮುನ್ನ ಚೀಲ ಸರಿಮಾಡಿಕೊಳ್ಳುವ ನಡುವೆ ಉಳಿಯುವ ಹೊತ್ತು ಅಷ್ಟೇ.

ವಿಷಯವನ್ನೂ ಇದೇ ಕಣ್ಣಿನಿಂದ ನೋಡಬೇಕು. ಮೊದಲ ವಿಷಯವಾಗಿ ತಂಡ ಬರೆದುಕೊಂಡಿದ್ದು ‘ವಿದ್ಯಾರ್ಥಿ ಬಸ್ ಪಾಸ್’. ಒಳ್ಳೆಯದೇ. ಆದರೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿಗೆ ಪಾಸಿನ ಚಿಂತೆ ಇಲ್ಲ. ಹಾಗಾದರೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ವಿವರವೆಲ್ಲ ಹುಡುಗರಿಗೆ ಮಾತ್ರ. ಹುಡುಗಿಯರ ದೂರು ಬೇರೆಯೇ ಇತ್ತು: ಸಂಜೆಯ ತರಗತಿ ಮುಗಿಯುವ ಹೊತ್ತಿಗೆ ತಮ್ಮೂರಿನ ಬಸ್ ಹೊರಟಿರುತ್ತದೆ. ವಿಷಯ ‘ಪಾಸ್’ ಹೋಗಿ ‘ಸಂಜೆಯ ಬಸ್’ ಆಯಿತು. ಇದು ಇಬ್ಬರಿಗೂ ಸಲ್ಲುತ್ತದೆ.

ಯಾವ ನಿಯಮ, ಎಲ್ಲಿಯವರೆಗೆ?

ನಿಯಮದ ಮಾತು ಬಂದೊಡನೆ ತಂಡ ಎರಡು ಹೋಳಾಗುತ್ತದೆ. ಇಂಟರ್‌ನೆಟ್ಟಿಗೆ ನಿಯಮವೇ ಇಲ್ಲ ಎನ್ನುವವರು ಒಂದು ಕಡೆ. ಪ್ರಾಂಶುಪಾಲರು ಬಯ್ಯುತ್ತಾರೆ, ಯಾವುದೂ ಬೇಡ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ನಿಯಮ ಓದಿರುವುದಿಲ್ಲ.

ನಿಮ್ಮ ಸಂಚಿಕೆ ಗಾಳಿಯಲ್ಲಿ, ಅಂದರೆ ಬಾನುಲಿಯಲ್ಲಿ ಹೋಗುತ್ತದೋ ತಂತಿಯಲ್ಲಿ, ಅಂದರೆ ಇಂಟರ್‌ನೆಟ್ಟಿನಲ್ಲಿ ಹೋಗುತ್ತದೋ ಎಂಬುದನ್ನು ಮೊದಲು ತೀರ್ಮಾನಿಸಿ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದ್ದರಿಂದ ಎಫ್‌ಎಂ ಪ್ರಸಾರಕ್ಕೆ ಪರವಾನಗಿ ಬೇಕೇ ಬೇಕು. ಚಿಕ್ಕ ಟ್ರಾನ್ಸ್‌ಮಿಟರ್ ತರಿಸಿ ಹಾಸ್ಟೆಲಿನ ಮಾಳಿಗೆಯ ಮೇಲೆ ಇಡುವ ಉತ್ಸಾಹ ಯಾರಿಗಾದರೂ ಇದ್ದರೆ ಅಲ್ಲಿಗೇ ತಡೆಯಿರಿ, ಅದು ಅಪರಾಧ. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ (ಸ್ಥಳೀಯರಿಗಾಗಿ ನಡೆಯುವ ಚಿಕ್ಕ ಎಫ್‌ಎಂ ಕೇಂದ್ರ) ನಡೆಸಲು 2002ರಿಂದ ಅವಕಾಶವಿದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ 2004ರ ಫೆಬ್ರುವರಿಯಲ್ಲಿ ದಾರಿ ತೋರಿಸಿತು. ನಮ್ಮ ಪಕ್ಕದ ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ವೇಣುಧ್ವನಿ ಇದೆ. ಇಂಥ ಕೇಂದ್ರಗಳು ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಮತ್ತು ಜಾಹೀರಾತು ಸಂಹಿತೆಯನ್ನು ಪಾಲಿಸಬೇಕು. ಧರ್ಮ, ಸಮುದಾಯಗಳ ಮೇಲೆ ದಾಳಿ, ಅಶ್ಲೀಲ ಅಥವಾ ಮಾನಹಾನಿಯ ಮಾತು, ಹಿಂಸೆಗೆ ಪ್ರಚೋದನೆ, ನ್ಯಾಯಾಂಗ ನಿಂದನೆ ಸಲ್ಲದು. ಹೆಸರು ಹಿಡಿದು ರಾಜಕೀಯ ಪಕ್ಷವನ್ನು ಹಳಿಯುವಂತೆಯೂ ಇಲ್ಲ. ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಮೂಡಬೇಕು. ಪ್ರಸಾರವಾದದ್ದರ ಮುದ್ರಿಕೆಯನ್ನು ಮೂರು ತಿಂಗಳು ಕಾಪಿಡಬೇಕು.

ಸುದ್ದಿಯ ವಿಚಾರದಲ್ಲಿ ಹಲವರು ತಪ್ಪು ತಿಳಿದಿದ್ದಾರೆ. ಸಮುದಾಯ ಬಾನುಲಿ ತನ್ನದೇ ವಾರ್ತೆ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಮಾತ್ರ ಹಾಕಬಹುದು ಎಂಬುದು ನಿಜ. ಆದರೆ ಪರೀಕ್ಷೆ, ಫಲಿತಾಂಶ, ಪ್ರವೇಶಾತಿ, ವೃತ್ತಿ ಮಾರ್ಗದರ್ಶನ, ಉದ್ಯೋಗಾವಕಾಶ, ಹವಾಮಾನ, ಸಂಚಾರ, ಸ್ಥಳೀಯ ಹಬ್ಬ–ಜಾತ್ರೆ, ನೀರು ಮತ್ತು ವಿದ್ಯುತ್ ಕುರಿತ ಪ್ರಕಟಣೆಗಳನ್ನು ಸುದ್ದಿ ಎಂದು ಪರಿಗಣಿಸುವುದಿಲ್ಲ. ವಿದ್ಯಾರ್ಥಿ ಬದುಕಿನ ಮುಕ್ಕಾಲು ಪಾಲು ಈ ಪಟ್ಟಿಯಲ್ಲೇ ಇದೆ.

ಇಂಟರ್‌ನೆಟ್ಟಿನಲ್ಲಿ ಹಾಕುವ ಪಾಡ್‌ಕಾಸ್ಟಿಗೆ ಪ್ರಸಾರದ ಪರವಾನಗಿ ಬೇಡ. ಹಾಗೆಂದು ಮಾನಹಾನಿ, ಕೃತಿಸ್ವಾಮ್ಯ (ಕಾಪಿರೈಟ್), ಖಾಸಗಿ ಮಾಹಿತಿಯ ರಕ್ಷಣೆಯ ಕಾನೂನುಗಳು ಬಾಗಿಲ ಹೊರಗೆ ನಿಲ್ಲುವುದಿಲ್ಲ. ನನ್ನ ಸಲಹೆ: ಮುಂದೊಂದು ದಿನ ಸಮುದಾಯ ಬಾನುಲಿಗೆ ಕೊಡಬಹುದು ಎಂದುಕೊಂಡು ಬಾನುಲಿಯ ಅಳತೆಗೇ ಯೋಜಿಸಿ. ಮಾಡಿ ಮುಗಿಸಿದ ಸಂಚಿಕೆಗೆ ಕತ್ತರಿ ಹಾಕುವಾಗ ಆಗುವ ಸಂಕಟ ಹಾಳೆಯ ಮೇಲಿನ ಸಾಲನ್ನು ಹೊಡೆದುಹಾಕುವಾಗ ಆಗುವುದಿಲ್ಲ.

ಹಾಡಿನ ಗೊಡವೆ

ನಾವು ಪೆಟ್ಟು ತಿಂದದ್ದು ಇಲ್ಲಿ. ಶೀರ್ಷಿಕೆ ಗೀತೆಗೆ ಹುಡುಗರು ಒಂದು ಜನಪ್ರಿಯ ಚಿತ್ರಗೀತೆಯ ತುಣುಕು ಬಳಸಿದ್ದರು. ‘ಮೂವತ್ತು ಸೆಕೆಂಡಿನೊಳಗೆ ಇದ್ದರೆ ನಡೆಯುತ್ತದೆ ಸರ್’ ಎಂದಾಗ ನಾನೂ ತಲೆಯಾಡಿಸಿದೆ. ಮೂರೇ ದಿನಕ್ಕೆ ಸಂಚಿಕೆಯನ್ನು ಇಂಟರ್‌ನೆಟ್ಟಿನಿಂದ ತೆಗೆದುಹಾಕಲಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೂವತ್ತು ಸೆಕೆಂಡಿನ ವಿನಾಯಿತಿ ಎಂಬುದು ಎಲ್ಲಿಯೂ ಇಲ್ಲ.

ಲೆಕ್ಕ ಹೀಗಿದೆ. ಬರಹಕ್ಕೆ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ರಕ್ಷಣೆ. ಧ್ವನಿಮುದ್ರಿಕೆಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಬಸವಣ್ಣನವರ ವಚನವನ್ನು ನೀವು ಓದಬಹುದು, ನಿಮ್ಮದೇ ಧಾಟಿಯಲ್ಲಿ ಹಾಡಬಹುದು. ಆದರೆ ಖ್ಯಾತ ಗಾಯಕರು ಹಾಡಿದ ಮುದ್ರಿಕೆಯನ್ನು ಎತ್ತಿ ಹಾಕುವಂತಿಲ್ಲ. ವಿಜಯಪುರದಲ್ಲೇ ಬಾಳಿ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಸ್ವಂತ ಬರಹಗಳು 2025ರ ಜನವರಿಯಿಂದ ಎಲ್ಲರಿಗೂ ಮುಕ್ತ. ಅಜ್ಜಿ ಹಾಡುವ ಬೀಸುವ ಪದ ಯಾರ ಸ್ವತ್ತೂ ಅಲ್ಲ ಎನ್ನೋಣ. ಆ ದನಿ ಮಾತ್ರ ಅಜ್ಜಿಯದು, ಕೇಳಿಯೇ ಮುದ್ರಿಸಿಕೊಳ್ಳಬೇಕು.

ಕೊನೆಗೆ ತಂಡದ ಒಬ್ಬ ಹುಡುಗಿ ಹಾಸ್ಟೆಲಿನ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುವ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು ತಂದಳು. ಏಳು ಸೆಕೆಂಡು. ಯಾವ ಚಿತ್ರಗೀತೆಯೂ ಆ ಲಯಕ್ಕೆ ಸಾಟಿಯಾಗುತ್ತಿರಲಿಲ್ಲ. ಖರ್ಚಿಲ್ಲ, ಹಕ್ಕೂ ಅವರದೇ.

ಒಪ್ಪಿಗೆ, ಎದುರು ಮಾತು

ಯಾರನ್ನೇ ಮಾತನಾಡಿಸಿ, ಮುದ್ರಣ ಶುರುವಾದ ಮೇಲೆ ಮೊದಲು ಅವರಿಂದ ಹೆಸರು ಹೇಳಿಸಿ, ಇದು ಎಲ್ಲಿ ಬಳಕೆಯಾಗುತ್ತದೆ ಎಂದು ನೀವು ಹೇಳಿ, ‘ಒಪ್ಪಿಗೆ ಇದೆ’ ಎಂಬ ಮಾತನ್ನು ಅಲ್ಲೇ ಹಿಡಿದಿಡಿ. ಪಿಯುಸಿಯವರು ಬಹುತೇಕ ಹದಿನೆಂಟು ತುಂಬದವರು. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು 2023ರಲ್ಲಿ ಆದ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರು ಮಕ್ಕಳೇ. ಪಾಲಕರ ಸಹಿ ಇಲ್ಲದೆ ಅವರ ದನಿ, ಹೆಸರು, ಊರು ಯಾವುದೂ ಬೇಡ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಸಿಗುವ ಸುಳಿವನ್ನಂತೂ ಯಾವ ಕಾರಣಕ್ಕೂ ಕೊಡಬಾರದು, ಅದಕ್ಕೆ ಶಿಕ್ಷೆಯಿದೆ.

ಮೆಸ್ಸಿನ ಸಾರು ನೀರಾಗಿದೆ ಎಂಬ ದೂರು ಪ್ರತಿ ಕಾಲೇಜಿನ ಮೂರನೆಯ ಸಂಚಿಕೆಯಲ್ಲಿ ಬಂದೇ ಬರುತ್ತದೆ. ಬರಲಿ. ಆದರೆ ಮೆಸ್ ನಡೆಸುವವರ ಬಳಿಗೂ ಮೈಕ್ ಹೋಗಬೇಕು. ‘ಹಣ ಹೊಡೆಯುತ್ತಾರೆ’ ಎಂಬ ಮಾತಿಗೆ ಕಾಗದದ ಆಧಾರ ಇಲ್ಲದಿದ್ದರೆ ತೆಗೆಯಿರಿ. ‘ಮೂರು ದಿನದಿಂದ ಬೇಳೆ ಕಂಡಿಲ್ಲ’ ಎಂಬುದು ನೀವೇ ಕಂಡ ಸಂಗತಿ, ಅದನ್ನು ಇಡಿ.

ಒಂದೇ ಹಾಳೆಯ ಯೋಜನೆ

ಹಾಳೆಯ ತಲೆಯಲ್ಲಿ ಕೇಳುಗರನ್ನು ಬರೆಯಿರಿ: ‘ಬಬಲೇಶ್ವರದ ಬಸ್ಸಿನಲ್ಲಿ ಬರುವ ಬಿ.ಕಾಂ. ಎರಡನೆಯ ವರ್ಷದ ಹುಡುಗಿ’. ಅದರ ಕೆಳಗೆ ಒಂದೇ ಪ್ರಶ್ನೆ: ‘ಸಂಜೆ ಐದರ ನಂತರ ಊರಿಗೆ ಹೋಗುವುದು ಹೇಗೆ?’ ಆಮೇಲೆ ಮೂರು ಕಲಂ ಗೆರೆ ಎಳೆಯಿರಿ. ಎಡಕ್ಕೆ ನಿಮಿಷ, ನಡುವೆ ಕೇಳಿಸುವ ಧ್ವನಿ, ಬಲಕ್ಕೆ ‘ಅಡ್ಡಿ’. ಈ ಬಲಗಡೆಯ ಕಲಂ ನನ್ನ ಹಟ. ನಿಲ್ದಾಣದ ಗದ್ದಲ ಎಂದು ನಡುವೆ ಬರೆದರೆ, ಅಲ್ಲಿನ ಅಂಗಡಿಯಲ್ಲಿ ಹಾಡು ಮೊಳಗುತ್ತಿತ್ತೇ ಎಂದು ಬಲಕ್ಕೆ ಬರೆಯಬೇಕು. ವಿದ್ಯಾರ್ಥಿನಿಯ ಮಾತು ಎಂದರೆ ವಯಸ್ಸು, ಒಪ್ಪಿಗೆ. ಬಸ್ಸಿನ ಸಮಯ ಎಂದರೆ ಯಾರು ಹೇಳಿದ್ದು, ಯಾವ ದಿನ. ಬಲಗಡೆ ಉತ್ತರವಿಲ್ಲದ ಸಾಲು ಮುದ್ರಣಕ್ಕೆ ಹೋಗುವುದಿಲ್ಲ.

ಆರಂಭವನ್ನು ಅಕ್ಷರಶಃ ಬರೆದುಕೊಳ್ಳಿ. ನಮ್ಮ ಮೊದಲ ಕರಡು ಹೀಗಿತ್ತು: ‘ಆತ್ಮೀಯ ಕೇಳುಗರೇ, ತಮಗೆಲ್ಲರಿಗೂ ಇಂದಿನ ಈ ವಿಶೇಷ ಸಂಚಿಕೆಗೆ ಹೃತ್ಪೂರ್ವಕ ಸ್ವಾಗತ, ಸುಸ್ವಾಗತ.’ ಮದುವೆಯ ಪೆಂಡಾಲಿನ ಮೈಕಿಗೆ ಇದು ಸರಿ. ಬದಲಿಸಿದ್ದು ಹೀಗೆ: ರೊಟ್ಟಿಯ ಸಪ್ಪಳ, ನಿಲ್ದಾಣದ ಗದ್ದಲ, ಆಮೇಲೆ ‘ಐದೂ ಹತ್ತು. ತರಗತಿ ಬಿಟ್ಟಿದೆ. ಬಬಲೇಶ್ವರದ ಬಸ್ ಹೋಗಿಯಾಯಿತು. ಈಗ?’ ಈ ‘ಈಗ?’ ಎಂಬಲ್ಲಿ ಕೇಳುಗರು ಸಿಕ್ಕಿಬಿದ್ದರು. ಉಳಿದ ಭಾಗಕ್ಕೆ ಅಂಶಗಳ ಟಿಪ್ಪಣಿ ಸಾಕು, ಓದಿದರೆ ಓದಿದಂತೆಯೇ ಕೇಳಿಸುತ್ತದೆ. ಬೆಂಗಳೂರಿನ ಎಫ್‌ಎಂ ಧಾಟಿಯನ್ನು ಎರವಲು ತರುವುದೂ ಬೇಡ, ಇಲ್ಲಿಯ ಮಾತಿಗೆ ತನ್ನದೇ ಏರಿಳಿತವಿದೆ.

ಕೌದಿ ಕಟ್ಟಿದ ಕೋಣೆ

ಒಂದು ಪಿಸುಮಾತು ಮತ್ತೆ ಮತ್ತೆ ಮರುದನಿಸುವುದನ್ನು ಕೇಳಲು ಊರೂರಿನಿಂದ ಜನ ಗೋಳಗುಮ್ಮಟಕ್ಕೆ ಬರುತ್ತಾರೆ. ನಿಮ್ಮ ಪಾಡ್‌ಕಾಸ್ಟಿಗೆ ಬೇಕಾದದ್ದು ಅದರ ತದ್ವಿರುದ್ಧ. ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿಗೆ ಬಾಲವಿದ್ದರೆ ಆ ಕೋಣೆ ಬೇಡ, ಅಥವಾ ಕೌದಿ ಬೇಕು. ಮನೆಗಳಿಂದ ನಾಲ್ಕು ಹಳೆಯ ಕೌದಿ ತಂದು ಎರಡು ಗೋಡೆಗೆ ಹಗ್ಗ ಕಟ್ಟಿ ಇಳಿಬಿಟ್ಟೆವು. ಹಳೆಯ ಸೀರೆ, ಧೋತರಗಳ ಪದರಗಳು ದನಿಯನ್ನು ಚೆನ್ನಾಗಿ ಹೀರುತ್ತವೆ. ಫ್ಯಾನ್ ಆರಿಸಿ. ಏಪ್ರಿಲ್‌ನಲ್ಲಿ ಇದು ಶಿಕ್ಷೆಯೇ, ಆದ್ದರಿಂದ ಬೆಳಿಗ್ಗೆ ಏಳಕ್ಕೆ ಮುದ್ರಿಸಿ. ಬಾಯಿಗೂ ಮೊಬೈಲಿಗೂ ಒಂದು ಗೇಣು ಅಂತರ. ಮಾತು ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ, ಸಂಕಲನದಲ್ಲಿ ತೇಪೆ ಹಾಕಲು ಬೇಕಾಗುತ್ತದೆ. ಸಂಕಲನಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಧಾರಾಳವಾಯಿತು. ಮೂಲ ಕಡತಗಳನ್ನು, ಒಪ್ಪಿಗೆಯ ಮಾತುಗಳ ಸಮೇತ, ತಾರೀಕು ಹಾಕಿ ಎರಡು ಕಡೆ ಇಡಿ.

ಎಲ್ಲ ಮುಗಿದ ಮೇಲೂ ಸಂಚಿಕೆ ಬಿಡುಗಡೆ ಮಾಡಬೇಡಿ. ಅಗ್ಗದ ಇಯರ್‌ಫೋನ್ ಹಾಕಿಕೊಂಡು, ಒಂದೇ ಕಿವಿಗೆ, ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕುಳಿತು ಒಬ್ಬರು ಕೇಳಬೇಕು. ಕೈಯಲ್ಲಿ ಯೋಜನೆಯ ಹಾಳೆ ಇರಲಿ. ಕಿಟಕಿಯ ಗಾಜು ಗಡಗಡಿಸುವಾಗ ಯಾವ ಮಾತು ತಿಳಿಯಲಿಲ್ಲವೋ ಅದರ ಎದುರು ಗೀಟು ಹಾಕಿ. ನಮ್ಮ ಸಂಜೆ ಬಸ್ಸಿನ ಸಂಚಿಕೆಯಲ್ಲಿ ಗೀಟು ಬಿದ್ದದ್ದು ಒಂದೇ ಸಾಲಿಗೆ: ಕೊನೆಯ ಬಸ್ಸಿನ ಸಮಯ. ಮರುದಿನ ಬೆಳಿಗ್ಗೆ ಕೌದಿಗಳ ನಡುವೆ ನಿಂತು ಅದನ್ನು ಇನ್ನೊಮ್ಮೆ, ನಿಧಾನವಾಗಿ, ಎರಡು ಬಾರಿ ಹೇಳಿಸಿದೆವು.