ಓಡಿಸದೆಯೇ ಪಿಎಚ್‌ಪಿ ಕೋಡಿನ ತಪ್ಪು ಹಿಡಿಯಲು ಪಿಎಚ್‌ಪಿಸ್ಟ್ಯಾನ್

ಪಿಎಚ್‌ಪಿಯೊಂದಿಗೇ ಬರುವ ಲಿಂಟ್ ಆಯ್ಕೆ ನೋಡುವುದು ಸಿಂಟ್ಯಾಕ್ಸ್ ಮಾತ್ರ. ಇಲ್ಲದ ಮೆಥಡ್ ಕರೆದರೂ ಅದು ತುಟಿ ಬಿಚ್ಚುವುದಿಲ್ಲ; ಆ ಸಾಲು ಓಡಿದ ದಿನವೇ ಸೈಟ್ ಬೀಳುವುದು. ಕೋಡನ್ನು ಓಡಿಸದೆ, ಟೈಪುಗಳ ಜಾಡು ಹಿಡಿದು ಇಂಥವನ್ನು ಮೊದಲೇ ತೋರಿಸುತ್ತದೆ ಪಿಎಚ್‌ಪಿಸ್ಟ್ಯಾನ್.

ಪಿಎಚ್‌ಪಿ ಪ್ಯಾಕೇಜುಗಳನ್ನು ತರಿಸಿಕೊಡುವ ಕಾಂಪೋಸರ್ ಮೂಲಕ ಅದನ್ನು ಡೆವ್ ಡಿಪೆಂಡೆನ್ಸಿಯಾಗಿ, ಅಂದರೆ ಡೆವಲಪ್‌ಮೆಂಟಿಗೆ ಮಾತ್ರ ಬೇಕಾದ ಪ್ಯಾಕೇಜಾಗಿ ಹಾಕಿಕೊಳ್ಳಿ, 2.0 ಆವೃತ್ತಿಗೆ ಪಿಎಚ್‌ಪಿ 7.4 ಆದರೂ ಬೇಕು. ರೂಟ್ ಫೋಲ್ಡರಿನಲ್ಲಿ ನಿಯಾನ್ ಎಂಬ ಫಾರ್ಮ್ಯಾಟಿನ ಕಾನ್ಫಿಗ್ ಫೈಲ್ ಮಾಡಿ ಎರಡೇ ವಿಷಯ ಬರೆಯಿರಿ: ಲೆವೆಲ್ 0 (ತಪಾಸಣೆ ಎಷ್ಟು ಬಿಗಿ ಎನ್ನುವ ಅಳತೆ), ಮತ್ತು ನಿಮ್ಮ ಕೋಡಿರುವ ಫೋಲ್ಡರಿನ ಪಾತ್. ಬೇರೆಯವರ ಪ್ಯಾಕೇಜುಗಳಿರುವ ವೆಂಡರ್ ಫೋಲ್ಡರ್ ಅಲ್ಲಿ ಬೇಡ. ಇಂಡೆಂಟ್‌ನಲ್ಲಿ ಟ್ಯಾಬ್, ಸ್ಪೇಸ್ ಬೆರೆಸಿದರೆ ಫೈಲೇ ಓದಿಸಿಕೊಳ್ಳದು. ಆಮೇಲೆ ಅನಲೈಸ್ ಕಮಾಂಡ್ ಕೊಡಿ. ಮೆಮೊರಿ ಸಾಲದೆ ಮಧ್ಯದಲ್ಲೇ ನಿಂತರೆ ಮೆಮೊರಿ ಲಿಮಿಟ್ 1 ಜಿಬಿಗೆ ಏರಿಸಿ.

ಲೆವೆಲ್‌ಗಳು 0ಯಿಂದ 10ರವರೆಗೆ. ಮೊದಲ ದಿನವೇ 10ಕ್ಕೆ ಹಾರಿದವರು ಸಾವಿರಾರು ಸಾಲು ಎರರ್ ನೋಡಿ ಮರುದಿನ ಟೂಲನ್ನೇ ತೆಗೆದುಹಾಕುತ್ತಾರೆ. ಒಂದೊಂದೇ ಮೆಟ್ಟಿಲು ಹತ್ತಿ. ಬಿಲ್ ಮೊತ್ತ 1000 ದಾಟಿದಾಗ ಮಾತ್ರ, ಇಫ್ ಒಳಗೆ, ರಿಯಾಯಿತಿ ಎಂಬ ವೇರಿಯಬಲ್‌ಗೆ ಬೆಲೆ ಕೊಟ್ಟು, ಹೊರಗೆ ಅದನ್ನೇ ಕಳೆದಿದ್ದೀರಿ ಎನ್ನಿ. 800ರ ಬಿಲ್ ಬಂದಾಗ ಆ ವೇರಿಯಬಲ್ಲೇ ಇಲ್ಲ. ಇದನ್ನು ಲೆವೆಲ್ 1 ಹಿಡಿಯುತ್ತದೆ. ಫಂಕ್ಷನ್‌ಗೆ ತಪ್ಪು ಟೈಪಿನ ಆರ್ಗ್ಯುಮೆಂಟ್ ಕೊಟ್ಟಿದ್ದು 5ರಲ್ಲಿ ಸಿಗುತ್ತದೆ. ಡೇಟಾಬೇಸಿನಲ್ಲಿ ಗ್ರಾಹಕ ಸಿಗದೆ ನಲ್ ಬಂದಿರಬಹುದಾದರೂ ಅದರ ಮೇಲೆ ಮೆಥಡ್ ಕರೆಯುವುದು, ಅಂದರೆ ಪ್ರೊಡಕ್ಷನ್‌ನಲ್ಲಿ ಫೇಟಲ್ ಎರರ್ ಆಗುವ ಚಿರಪರಿಚಿತ ತಪ್ಪು, 8ರಲ್ಲಿ. ಅದಕ್ಕೇ 8ರ ತನಕ ಹೋಗಲೇಬೇಕು ಅನ್ನುವುದು.

ಹಳೇ ಪ್ರಾಜೆಕ್ಟಾದರೆ ಬೇಸ್‌ಲೈನ್ ಮಾಡಿಸಿ, ಆ ಫೈಲನ್ನು ಕಾನ್ಫಿಗ್‌ನ ಇನ್‌ಕ್ಲೂಡ್ಸ್‌ನಲ್ಲಿ ಸೇರಿಸಿ. ಈಗಿರುವ ತಪ್ಪುಗಳು ಅದರೊಳಗೆ ಕೂತು, ಹೊಸವು ಮಾತ್ರ ಕಾಣುತ್ತವೆ. ಹಳೆಯದೊಂದನ್ನು ಸರಿಪಡಿಸಿದಾಗ 'ಕಡೆಗಣಿಸಿದ ಎರರ್ ಸಿಗಲಿಲ್ಲ' ಎಂದು ಟೂಲ್ ತಕರಾರು ಮಾಡುತ್ತದೆ. ಗಾಬರಿ ಬೇಡ, ಆ ನಮೂದನ್ನು ಅಳಿಸಿದರಾಯಿತು. ಪ್ರತಿ ಸಲ ಬೇಸ್‌ಲೈನನ್ನೇ ಹೊಸದಾಗಿ ಮಾಡಿಸಿದರೆ ಹೊಸ ತಪ್ಪುಗಳನ್ನೂ ಅದು ನುಂಗಿಬಿಡುತ್ತದೆ. ಗಿಟ್ ಡಿಫ್‌ನಲ್ಲಿ ಆ ಫೈಲ್ ಕುಗ್ಗುತ್ತಿರಬೇಕು, ಉಬ್ಬಬಾರದು.

ಲಾರಾವೆಲ್ ಫ್ರೇಮ್‌ವರ್ಕಿನ ಡೇಟಾಬೇಸ್ ಭಾಗವಾದ ಎಲೊಕ್ವೆಂಟ್, ಕೋಡಿನಲ್ಲಿ ಬರೆದಿರದ ಮೆಥಡ್, ಪ್ರಾಪರ್ಟಿಗಳನ್ನು ಓಡುವಾಗ ಒದಗಿಸುವ ಮ್ಯಾಜಿಕ್ ಪಿಎಚ್‌ಪಿಸ್ಟ್ಯಾನ್‌ಗೆ ತಾನಾಗಿ ಅರ್ಥವಾಗದು. ಲಾರಾಸ್ಟ್ಯಾನ್ ಎಕ್ಸ್‌ಟೆನ್ಷನ್ ಹಾಕಿ. ಎರರ್ ಬಾಯಿ ಮುಚ್ಚಿಸಲು ವೇರಿಯಬಲ್ ಮೇಲೆ ಸುಳ್ಳು ಟೈಪಿನ ಡಾಕ್ ಕಾಮೆಂಟ್ ಬರೆಯುವವರಿದ್ದಾರೆ. ಟೂಲ್ ಅದನ್ನು ಎಷ್ಟೋ ಸಲ ನಂಬುತ್ತದೆ, ಸರ್ವರ್ ನಂಬುವುದಿಲ್ಲ.