ಹಾಲು ಕುಡಿದು ಒಳಗೆ ಬರುವ ಹೊತ್ತು: ತರಗತಿಯ ರೂಢಿಗಳ ಬಗ್ಗೆ ನನ್ನ ಅನುಭವ

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿ ನೋಡಿಕೊಳ್ಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಫೋನ್ ಮಾಡಿದರೆ ಮೊದಲು ಬರುವ ಮಾತು ಇದೇ: "ಮಕ್ಕಳು ಮಾತೇ ಕೇಳಲ್ಲ ಮೇಡಂ, ಏನ್ ಮಾಡೋದು?" ಅವರಿಗೆ ನಾನು ತಿರುಗಿ ಕೇಳುವುದೂ ಒಂದೇ. ಗಲಾಟೆ ಯಾವ ಹೊತ್ತಿನಲ್ಲಿ ಆಗುತ್ತೆ? ಎರಡು ದಿನ ಸುಮ್ನೆ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ. ಬರೆದವರಿಗೆ ಗೊತ್ತಾಗುತ್ತೆ. ಪಾಠ ನಡೆಯುವಾಗ ಆಗುವ ಗಲಾಟೆ ಕಡಿಮೆ. ಹಾಲು ಕುಡಿದು ಒಳಗೆ ಬರುವಾಗ, ಕನ್ನಡ ಮುಗಿದು ಗಣಿತ ಶುರುವಾಗುವ ಮುಂಚೆ, ನೋಟ್‌ಬುಕ್ ಹಂಚುವಾಗ, ಊಟದ ಸಾಲಿನಲ್ಲಿ, ಸಂಜೆ ಬೆಲ್ ಹೊಡೆಯುವ ಮುಂಚಿನ ಐದು ನಿಮಿಷದಲ್ಲಿ, ಜಾಸ್ತಿ ಜಗಳ ಎಲ್ಲ ಇಲ್ಲೇ. ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ. ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹೇಳಿಕೊಡುವುದು ಅಂದರೆ ಬಾಯಲ್ಲಿ ಒಂದು ಸಲ ಹೇಳಿ ಬಿಡುವುದಲ್ಲ. ಮಗ್ಗಿಯನ್ನು ನಾವು ಒಂದೇ ಸಲ ಹೇಳಿ ಬಿಡುತ್ತೇವಾ? ಸಾಲಿನಲ್ಲಿ ನಿಲ್ಲುವುದು, ಪುಸ್ತಕ ಹೊರಗೆ ತೆಗೆಯುವುದು, ಬೆಂಚಿನಿಂದ ಎದ್ದು ಬರುವುದು, ಇವನ್ನೂ ಮಾಡಿಸಿ ಮಾಡಿಸಿಯೇ ಕಲಿಸಬೇಕು. ಜೂನ್‌ನಲ್ಲಿ ಹೇಗಿದ್ದರೂ ಸೇತುಬಂಧ, ಅಂದರೆ ಹಿಂದಿನ ತರಗತಿಯಲ್ಲಿ ಕಲಿತದ್ದನ್ನು ಮತ್ತೆ ನೆನಪಿಸುವ ಕೆಲಸ, ನಡೆಯುತ್ತಿರುತ್ತದೆ, ಹೊಸ ಪಾಠದ ಅವಸರ ಇರುವುದಿಲ್ಲ. ಆ ದಿನಗಳಲ್ಲಿ ಪ್ರತಿದಿನ ಒಂದು ರೂಢಿ ತೆಗೆದುಕೊಳ್ಳುತ್ತೇನೆ. ಇಬ್ಬರು ಮಾಡಿ ತೋರಿಸುತ್ತಾರೆ, ಉಳಿದವರು ನೋಡಿ ಏನು ಸರಿ ಇತ್ತು ಅಂತ ಹೇಳುತ್ತಾರೆ, ಆಮೇಲೆ ಎಲ್ಲರೂ ಮಾಡುತ್ತಾರೆ. ಮಾರನೇ ದಿನ ಮತ್ತೆ ಅದನ್ನೇ. ಬೇಜಾರಾಗುವಷ್ಟು ಸಲ ಮಾಡಿಸಬೇಕು. ನಮಗೆ ಬೇಜಾರಾದ ಮೇಲೆಯೇ ಮಕ್ಕಳಿಗೆ ರೂಢಿ ಆಗುವುದು.

ಹಾಲಿನ ವಿಷಯವನ್ನೇ ತೆಗೆದುಕೊಳ್ಳಿ. ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಶುರುವಾಯಿತು. ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು. ಬಿಸಿ ಇರುತ್ತದೆ. ಕೆಲವರು ಗಟಗಟ ಕುಡಿದು ಮುಗಿಸುತ್ತಾರೆ, ಕೆಲವರು ಊದಿ ಊದಿ ಕುಡಿಯುತ್ತಾರೆ, ಇನ್ನು ಕೆಲವರಿಗೆ ಕೆನೆ ಕಂಡರೆ ಆಗಲ್ಲ, ಅದನ್ನು ಬೆರಳಲ್ಲಿ ತೆಗೆದು ಕೂತಿರುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಮುಗಿಸುವುದೇ ಇಲ್ಲ. ಮೊದಲು ಮುಗಿಸಿದವನ ಕೈಯಲ್ಲಿ ಖಾಲಿ ಲೋಟ, ಎದುರಿಗೆ ನಲ್ಲಿ, ಮಾಡಲು ಕೆಲಸ ಇಲ್ಲ. ನೀರು ಎರಚಾಟ ಅಲ್ಲಿಂದ ಶುರು. ಒಳಗೆ ಬರುವ ಹೊತ್ತಿಗೆ ಒಬ್ಬನ ಅಂಗಿ ಒದ್ದೆ, ಇನ್ನೊಬ್ಬಳ ಕಣ್ಣಲ್ಲಿ ನೀರು, ನನ್ನ ಮೊದಲ ಪಿರಿಯಡ್‌ನ ಕಾಲು ಭಾಗ ಪಂಚಾಯ್ತಿ ಮಾಡುವುದಕ್ಕೇ ಹೋಗುತ್ತಿತ್ತು.

ಈಗ ಹೀಗೆ ಮಾಡುತ್ತೇವೆ. ನಲ್ಲಿಯ ಮುಂದೆ ನೆಲದ ಮೇಲೆ ಸುಣ್ಣದಲ್ಲಿ ಮೂರು ಸುತ್ತು ಬರೆದಿದ್ದೇವೆ. ಸುತ್ತು ಖಾಲಿ ಇದ್ದರೆ ಹೋಗಿ ನಿಲ್ಲಬಹುದು, ಇಲ್ಲದಿದ್ದರೆ ಜಗುಲಿಯಲ್ಲಿ ಕೂತು ಕಾಯಬೇಕು. ಲೋಟ ತೊಳೆದು ಬುಟ್ಟಿಯಲ್ಲಿ ಬೋರಲು ಹಾಕಿ ಒಳಗೆ ಬಂದರೆ ಬೋರ್ಡಿನ ಮೇಲೆ ಆಗಲೇ ಕೆಲಸ ಬರೆದಿರುತ್ತದೆ. ನಿನ್ನೆಯ ಪಾಠದ್ದೇ ನಾಲ್ಕು ಲೆಕ್ಕ, ಅಥವಾ ಇವತ್ತು ಬರುವ ದಾರಿಯಲ್ಲಿ ಕಂಡದ್ದರ ಬಗ್ಗೆ ಮೂರು ವಾಕ್ಯ. ಈ ಕೆಲಸ ಸುಲಭ ಇರಲೇಬೇಕು. ಕಷ್ಟ ಇದ್ದರೆ ಕೇಳೋಕೆ ಅಂತ ಎದ್ದು ಬರುತ್ತಾರೆ, ಒಬ್ಬರು ಎದ್ದರೆ ಹತ್ತು ಜನ ಎದ್ದ ಹಾಗೆ. ಮೊದಲು ಬಂದವರಿಗೆ ಜಾಸ್ತಿ ಸಮಯ, ಕಡೆಗೆ ಬಂದವರಿಗೆ ಕಡಿಮೆ, ಆದರೆ ಖಾಲಿ ಕೂರುವವರು ಯಾರೂ ಇಲ್ಲ. ಮೂರು ವಾಕ್ಯದ ಕೆಲಸದಿಂದ ನನಗೆ ಇನ್ನೊಂದು ಲಾಭವೂ ಆಯಿತು. ನಾಲೆಯಲ್ಲಿ ನೀರು ಬಿಟ್ಟದ್ದು, ಹಸು ಕರು ಹಾಕಿದ್ದು, ಅಪ್ಪ ರಾತ್ರಿ ಮನೆಗೆ ಬಾರದೇ ಇದ್ದದ್ದು ಎಲ್ಲ ಅದರಲ್ಲೇ ಬರುತ್ತದೆ. ಇವತ್ತು ಯಾವ ಮಗುವನ್ನು ಸ್ವಲ್ಪ ಮೆಲ್ಲಗೆ ಮಾತಾಡಿಸಬೇಕು ಅಂತ ಬೆಳಿಗ್ಗೆಯೇ ತಿಳಿಯುತ್ತದೆ.

ನಾಲ್ಕನೇ ತರಗತಿಗೆ ಬರುವ ಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. "ನಲಿಕಲಿಯಿಂದ ಬಂದ ಮಕ್ಕಳು ಒಂದು ಕಡೆ ಕೂರಲ್ಲ" ಅಂತ ಬಹಳ ಜನ ದೂರುತ್ತಾರೆ. ನನಗೆ ಈ ದೂರು ಒಪ್ಪಿಗೆ ಇಲ್ಲ. ನಲಿಕಲಿ ಅಂದರೆ ಒಂದರಿಂದ ಮೂರನೇ ತರಗತಿವರೆಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. ಅದು ಶುರುವಾಗಿದ್ದು ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಅಲ್ಲಿ ಮಕ್ಕಳು ನೆಲದ ಮೇಲೆ ಗುಂಪಿನಲ್ಲಿ ಕೂರುತ್ತಾರೆ, ತಮ್ಮ ಕಾರ್ಡನ್ನು ತಾವೇ ಹುಡುಕಿ ತರುತ್ತಾರೆ, ಮುಗಿದ ಮೇಲೆ ಇನ್ನೊಂದು ಗುಂಪಿಗೆ ಹೋಗುತ್ತಾರೆ. ಮೂರು ವರ್ಷ ಎದ್ದು ಓಡಾಡಿ ಕಲಿತವರನ್ನು ಒಂದೇ ದಿನಕ್ಕೆ ಬೆಂಚಿನ ಮೇಲೆ ಬೋರ್ಡಿಗೆ ಮುಖ ಮಾಡಿ ಕೂರಿಸಿದರೆ ಅವರು ಎದ್ದೇ ಏಳುತ್ತಾರೆ. ಅದು ಹಟ ಅಲ್ಲ, ಕಲಿತ ರೂಢಿ. ಬೇಕಾದ ಸಾಮಾನು ತಾವೇ ತಂದು, ಮುಗಿದ ಮೇಲೆ ಅದೇ ಜಾಗದಲ್ಲಿ ಇಡುವುದು ಅವರಿಗೆ ಆಗಲೇ ಬರುತ್ತದೆ. ದೊಡ್ಡ ತರಗತಿಯ ಎಷ್ಟೋ ಮಕ್ಕಳಿಗೆ ಅದು ಬರಲ್ಲ. ನಾನು ಅದನ್ನೇ ಹಿಡಿದುಕೊಂಡೆ. ಕಿಟಕಿ ಪಕ್ಕ ಒಂದು ಮೇಜು. ಅದರ ಮೇಲೆ ಮೆಂಡರ್, ರಬ್ಬರ್, ಸ್ಕೇಲು, ಹಾಳೆ, ಎರಡು ಸ್ಪೇರ್ ಪೆನ್ಸಿಲ್. ಕೇಳದೆಯೇ ಎದ್ದು ಹೋಗಿ ತೆಗೆದುಕೊಳ್ಳಬಹುದು. ಮೇಜಿನ ಹತ್ತಿರ ಒಂದು ಸಲಕ್ಕೆ ಇಬ್ಬರೇ. ಬಾಗಿಲ ಮೊಳೆಗೆ ಒಂದು ಮರದ ತುಂಡು ನೇತುಹಾಕಿದ್ದೇನೆ. ಶೌಚಾಲಯಕ್ಕೆ ಹೋಗುವವರು ಅದನ್ನು ತೆಗೆದುಕೊಂಡು ಹೋಗುತ್ತಾರೆ, ಬಂದು ಅಲ್ಲೇ ಹಾಕುತ್ತಾರೆ. ತುಂಡು ಇಲ್ಲ ಅಂದರೆ ಯಾರೋ ಹೋಗಿದ್ದಾರೆ, ಕಾಯಬೇಕು ಅಂತ. ತೀರಾ ಅರ್ಜೆಂಟ್ ಇದ್ದರೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಬಹುದು. ಪಾಠದ ನಡುವೆ "ಮಿಸ್, ಹೋಗಿ ಬರ್ಲಾ" ಅನ್ನುವುದು ನಿಂತುಹೋಯಿತು. ದೊಡ್ಡ ಹುಡುಗಿಯರಿಗಂತೂ ಎಲ್ಲರ ಮುಂದೆ ಕೇಳುವ ಮುಜುಗರ ತಪ್ಪಿತು.

ಗಮನ ಸೆಳೆಯಲು ಕೂಗುವುದಿಲ್ಲ. ಎರಡು ಚಪ್ಪಾಳೆ ತಟ್ಟುತ್ತೇನೆ, ಅವರು ಮೂರು ತಟ್ಟಿ ಕೈ ಕಟ್ಟಿ ನನ್ನ ಕಡೆ ತಿರುಗುತ್ತಾರೆ. ಪೂರ್ತಿ ಸದ್ದು ನಿಲ್ಲುವವರೆಗೂ ನಾನು ಬಾಯಿ ತೆರೆಯುವುದಿಲ್ಲ. ಇದು ಸಣ್ಣದು ಅನ್ನಿಸಬಹುದು, ಆದರೆ ಇಬ್ಬರು ಮಾತಾಡುತ್ತಿರುವಾಗಲೇ ನಾವು ಶುರು ಮಾಡಿದರೆ ಮಾರನೇ ದಿನ ಆರು ಜನ ಮಾತಾಡುತ್ತಾರೆ.

ನಿಯಮಗಳು ನಾಲ್ಕೇ ನಾಲ್ಕು. ಮಕ್ಕಳ ಜೊತೆ ಕೂತು ಬರೆದದ್ದು. ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ. ನಮ್ಮ ಕೈಕಾಲು ನಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇವೆ. ತೆಗೆದುಕೊಂಡದ್ದನ್ನು ಅದೇ ಜಾಗದಲ್ಲಿ ಇಡುತ್ತೇವೆ. ಗೊತ್ತಾಗದಿದ್ದರೆ ಕೇಳುತ್ತೇವೆ. ಮಕ್ಕಳು ಮೊದಲು ಕೊಟ್ಟ ಪಟ್ಟಿ ಉದ್ದಕ್ಕಿತ್ತು, ಎಲ್ಲವೂ "ಮಾಡಬಾರದು, ಮಾಡಬಾರದು" ಅಂತಲೇ. ಒಂದೊಂದನ್ನೂ ಹಿಡಿದು "ಸರಿ, ಓಡಬಾರದು. ಹಾಗಾದರೆ ಏನು ಮಾಡಬೇಕು?" ಅಂತ ಕೇಳುತ್ತಾ ಹೋದೆ. ಅವರೇ ಉತ್ತರ ಹೇಳುತ್ತಾ ಹೋದರು, ಪಟ್ಟಿ ತಾನಾಗೇ ಸಣ್ಣದಾಯಿತು. ಕೊನೆಯ ನಿಯಮ ಐದನೇ ತರಗತಿಯ ಒಬ್ಬ ಹುಡುಗಿ ಹೇಳಿದ್ದು. ನನಗೆ ಅದೇ ಹೆಚ್ಚು ಇಷ್ಟ, ಯಾಕೆಂದರೆ ಕೇಳುವುದಕ್ಕೆ ಹೆದರುವ ಮಗುವೇ ಪಕ್ಕದವನ ಪುಸ್ತಕ ಎಳೆಯುತ್ತದೆ.

ಇನ್ನು ಲೀಡರ್ ವಿಷಯ. ಟೀಚರ್ ಹೊರಗೆ ಹೋದಾಗ ಲೀಡರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುವುದು, ಜಾಸ್ತಿ ಮಾತಾಡಿದರೆ ಹೆಸರಿನ ಮುಂದೆ ಇಂಟು ಹಾಕುವುದು, ನಾವೆಲ್ಲ ಹೀಗೇ ಓದಿ ಬಂದವರು. ನನ್ನ ತರಗತಿಯಲ್ಲಿ ಇದು ಇಲ್ಲ. ಒಂದು ನೆಲ್ಲಿಕಾಯಿ ಕೊಟ್ಟರೆ ಹೆಸರು ಅಳಿಸಿಹೋಗುತ್ತದೆ, ನಿನ್ನೆ ಆಟದಲ್ಲಿ ಔಟ್ ಮಾಡಿದವನ ಹೆಸರು ಬಾಯಿ ಬಿಡದಿದ್ದರೂ ಮೇಲೇರುತ್ತದೆ. ಹತ್ತು ವರ್ಷದ ಮಗುವಿನ ಕೈಗೆ ಪೊಲೀಸ್ ಕೆಲಸ ಕೊಟ್ಟು ಉಳಿದವರನ್ನು ಕಳ್ಳರನ್ನಾಗಿ ಮಾಡುವುದು ಇದು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಕೋಲು ಬಿಟ್ಟಿದ್ದೇವೆ ಅನ್ನುವವರು ಎರಡನೆಯದನ್ನು ಮರೆತುಬಿಡುತ್ತಾರೆ. ಬೋರ್ಡಿನ ಮೇಲೆ ದಿನಾ ತನ್ನ ಹೆಸರನ್ನೇ ನೋಡುವ ಮಗುವಿಗೆ ಆಗುವ ಅವಮಾನ ಏಟಿಗಿಂತ ಕಡಿಮೆ ಅಲ್ಲ. ನಾನು ಲೀಡರ್ ಬದಲು ಕೆಲಸಗಳನ್ನು ಹಂಚಿದ್ದೇನೆ. ನೋಟ್‌ಬುಕ್ ಹಂಚುವವರು, ಬೋರ್ಡ್ ಒರೆಸುವವರು, ಕಿಟಕಿ ತೆರೆಯುವವರು, ಗಿಡಕ್ಕೆ ನೀರು ಹಾಕುವವರು. ವಾರಕ್ಕೊಮ್ಮೆ ಬದಲು. ಅತಿ ತುಂಟ ಅಂತ ಹೆಸರಾದವನಿಗೂ ಸರದಿ ಬರುತ್ತದೆ, ಅವನನ್ನು ಯಾವತ್ತೂ ಬಿಟ್ಟು ಮುಂದೆ ಹೋಗುವುದಿಲ್ಲ.

ಊರಿನವರು ಬಂದು "ಎರಡು ಬಾರ್ಸಿ ಮೇಡಂ, ನಾವೇನೂ ಕೇಳಲ್ಲ" ಅನ್ನುತ್ತಾರೆ. ಮಗ ಉದ್ಧಾರ ಆಗಲಿ ಅನ್ನುವ ಆಸೆಯಿಂದಲೇ ಅನ್ನುವುದು. ನಾನು ಅವರಿಗೆ ಹೇಳುವುದು ಇಷ್ಟು: ಹೊಡೆದರೆ ನಾನು ಇರುವಾಗ ಸುಮ್ಮನಿರುತ್ತಾನೆ, ನನಗೆ ಬೇಕಾಗಿರುವುದು ನಾನು ಇಲ್ಲದಾಗ. ತಪ್ಪಾದಾಗ ನಾನು ಮಾಡುವುದು ಬಹಳ ಸಾದಾ. ಓಡಿ ಬಂದವನನ್ನು ವಾಪಸ್ ಬಾಗಿಲಿಗೆ ಕಳಿಸಿ ಮತ್ತೆ ನಡೆದು ಬರಲು ಹೇಳುತ್ತೇನೆ, ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ನೀರು ಚೆಲ್ಲಿದವರು ಒರೆಸುತ್ತಾರೆ. ಪುಸ್ತಕ ಹರಿದವರು ಮೈದಾ ಅಂಟಿನಲ್ಲಿ ಅಂಟಿಸಿ ಕೊಡುತ್ತಾರೆ. ಹೊಡೆದಾಟ ಆದರೆ ಇಬ್ಬರನ್ನೂ ತಕ್ಷಣ ವಿಚಾರಿಸುವುದಿಲ್ಲ, ಸಿಟ್ಟಿನಲ್ಲಿ ಯಾರೂ ನಿಜ ಹೇಳಲ್ಲ. ಊಟ ಆದ ಮೇಲೆ ಬೇವಿನ ಮರದ ಕೆಳಗೆ ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತೇನೆ. ಏನಾಯಿತು, ಅವನಿಗೆ ಏನಾಗಿರಬಹುದು, ಈಗ ಹೇಗೆ ಸರಿ ಮಾಡ್ತೀಯ. ಮೂರನೆಯದಕ್ಕೆ ಉತ್ತರ ಬರುವವರೆಗೂ ಕಾಯುತ್ತೇನೆ. ಬಾಯಿಪಾಠದ ಸಾರಿ ನನಗೆ ಬೇಡ.

ಕಬ್ಬು ಕಡಿಯುವ ಕಾಲ ಬಂದಾಗ ಈ ರೂಢಿಗಳಿಗೆಲ್ಲ ನಿಜವಾದ ಪರೀಕ್ಷೆ. ಬಳ್ಳಾರಿ ಕಡೆಯಿಂದ ಕಟಾವಿಗೆ ಬರುವ ಕುಟುಂಬಗಳ ಮಕ್ಕಳು ವರ್ಷದ ಮಧ್ಯೆ ಬಂದು ಸೇರುತ್ತಾರೆ, ಕೆಲಸ ಮುಗಿದರೆ ಹೊರಟುಹೋಗುತ್ತಾರೆ. ಕೆಲವರು ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಎತ್ತಿಕೊಂಡೇ ಬರುತ್ತಾರೆ. ಅಂಥ ಮಗುವಿಗೆ ಒಬ್ಬ ಜೊತೆಗಾರನನ್ನು ಕೊಡುತ್ತೇನೆ. ನಲ್ಲಿ ಹತ್ತಿರದ ಸುತ್ತು, ಬಾಗಿಲ ಮರದ ತುಂಡು, ಕಿಟಕಿ ಪಕ್ಕದ ಮೇಜು ಎಲ್ಲ ತೋರಿಸುವುದು ಅವನ ಕೆಲಸ. ಮಕ್ಕಳು ಮಕ್ಕಳಿಗೆ ಹೇಳಿಕೊಡುವ ಚಂದ ನಮಗೆ ಬರಲ್ಲ. ಎಲ್ಲಿ ಏನಿದೆ, ಯಾವಾಗ ಏನು ಮಾಡಬೇಕು ಅಂತ ತಿಳಿದರೆ ಹೊಸ ಮಗುವಿನ ಅರ್ಧ ಭಯ ಹೋಗುತ್ತದೆ. ಅವರ ಮಾತಿನ ಧಾಟಿ ಅಣಕಿಸಿದರೆ ಮಾತ್ರ ನಾನು ಬಿಡುವುದಿಲ್ಲ, ಅವತ್ತು ಮಧ್ಯಾಹ್ನ ಅಣಕಿಸಿದವರ ಜೊತೆ ಬೇವಿನ ಮರದ ಕೆಳಗೆ ಮಾತುಕತೆ ಆಗೇ ಆಗುತ್ತದೆ. ಆಲೆಮನೆ ಕೆಲಸಕ್ಕೆ ಅಪ್ಪ ಅಮ್ಮ ಬೆಳಗಿನ ಜಾವವೇ ಹೋದ ಮನೆಗಳ ಮಕ್ಕಳು ತಡವಾಗಿ ಬರುತ್ತಾರೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳುವುದಿಲ್ಲ. ಸದ್ದು ಮಾಡದೆ ಒಳಗೆ ಬಂದು, ಬೋರ್ಡಿನ ಕೆಲಸ ಶುರು ಮಾಡಬೇಕು. ಕಾರಣ ಆಮೇಲೆ ಕೇಳಿದರಾಯಿತು. ಎಷ್ಟೋ ಸಲ ಆ ಮಗು ಚಿಕ್ಕವರಿಗೆ ತಿಂಡಿ ಕೊಟ್ಟು, ಮನೆಗೆ ಬೀಗ ಹಾಕಿ ಬಂದಿರುತ್ತದೆ.

ಒಂದು ಸಲ ಕಲಿಸಿದರೆ ವರ್ಷ ಪೂರ್ತಿ ನಡೆಯುತ್ತೆ ಅಂತಲ್ಲ. ದಸರಾ ರಜೆ ಮುಗಿಸಿ ಬಂದವರಿಗೆ ಎಲ್ಲ ಮರೆತಿರುತ್ತದೆ. ನಾನು ಅದನ್ನು ಲೆಕ್ಕಕ್ಕೆ ಹಿಡಿದೇ ಇರುತ್ತೇನೆ. ರಜೆ ಕಳೆದ ಮೊದಲ ಎರಡು ದಿನ ಮತ್ತೆ ಚಪ್ಪಾಳೆ, ಮತ್ತೆ ನಲ್ಲಿ, ಮತ್ತೆ ಸಾಲು. ಸಂಕ್ರಾಂತಿ ಆದ ಮೇಲೂ ಸ್ವಲ್ಪ.

ಸಂಜೆಯದು ಬೇಗ ಹೇಳಿಬಿಡುತ್ತೇನೆ. ಬೆಲ್‌ಗೆ ಹತ್ತು ನಿಮಿಷ ಮುಂಚೆ ಹೋಮ್‌ವರ್ಕ್ ಬರೆದುಕೊಳ್ಳುವುದು, ತಮ್ಮ ಬೆಂಚಿನ ಕೆಳಗಿನ ಕಸ ತಾವೇ ಎತ್ತುವುದು, ಒಂದೊಂದೇ ಬೆಂಚು ಏಳುವುದು. ಗೇಟಿನ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿದ್ದರೆ ಅದು ಪೂರ್ತಿ ದಾಟುವವರೆಗೂ ಗೋಡೆ ಪಕ್ಕ ನಿಲ್ಲುವುದು. ಹಿಂದಿನಿಂದ ಕಬ್ಬು ಎಳೆಯಲು ಓಡುವುದು ನಮ್ಮ ಊರಿನ ಮಕ್ಕಳಿಗೆ ಹಳೇ ಚಾಳಿ. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯೂ ಕೊಡುವುದಿಲ್ಲ, ದಿನಾ ಗೇಟಿನಲ್ಲಿ ನಾನೇ ನಿಲ್ಲುತ್ತೇನೆ.

ಇನ್ನೂ ಸರಿಹೋಗದ ಜಾಗ ಊಟದ ಸಾಲು, ಅದರಲ್ಲೂ ಮೊಟ್ಟೆ ಕೊಡುವಾಗ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇರುವುದರಿಂದ ಸಾಲು ಮುಂದೆ ಹೋದ ಮೇಲೆ ಎರಡಾಗಿ ಒಡೆಯುತ್ತದೆ, ಅಲ್ಲಿ ನೂಕಾಟ. ಚಿಕ್ಕವರಿಗೆ ಸಿಪ್ಪೆ ಬಿಡಿಸಲು ಬಹಳ ಹೊತ್ತು ಬೇಕು, ಸಿಪ್ಪೆ ಜಗುಲಿ ತುಂಬ ಬೀಳುತ್ತದೆ. ಸಿಪ್ಪೆಗೆ ದಾರಿ ಸಿಕ್ಕಿದೆ. ಸಾಲಿಗೊಂದು ಬಕೆಟ್ ಇಟ್ಟಿದ್ದೇವೆ, ದೊಡ್ಡವನೊಬ್ಬ ಇಬ್ಬರು ಚಿಕ್ಕವರ ಪಕ್ಕ ಕೂರುತ್ತಾನೆ, ಸಿಪ್ಪೆ ಪುಡಿ ಮಾಡಿ ಕರಿಬೇವಿನ ಗಿಡಕ್ಕೆ ಹಾಕುತ್ತಾರೆ. ಸಾಲು ಒಡೆಯುವ ಜಾಗಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಮೊದಲಿಂದಲೇ ಎರಡು ಸಾಲು ಮಾಡಿದರೆ ಮೊಟ್ಟೆ ತಿನ್ನುವವರು, ತಿನ್ನದವರು ಅಂತ ಮಕ್ಕಳು ಬೇರೆ ಬೇರೆ ನಿಲ್ಲಬೇಕಾಗುತ್ತದೆ, ಅದು ನನಗೆ ಬೇಡ. ಎಲ್ಲರೂ ಅನ್ನ ಹಾಕಿಸಿಕೊಂಡು ಕೂತ ಮೇಲೆ ಮೊಟ್ಟೆ, ಹಣ್ಣನ್ನು ನಾವೇ ಕೂತಲ್ಲಿಗೆ ತಂದು ಕೊಡೋಣ ಅಂತ ಅಡುಗೆಯವರ ಹತ್ತಿರ ಮಾತಾಡಿದ್ದೇನೆ, ಈ ಜೂನ್‌ನಿಂದ ಮಾಡಿ ನೋಡುತ್ತೇವೆ. ನಿಮ್ಮ ಶಾಲೆಯಲ್ಲಿ ಇದಕ್ಕೆ ಬೇರೆ ಉಪಾಯ ಇದ್ದರೆ ದಯವಿಟ್ಟು ಹೇಳಿ.