ಎಲ್ ಸಾಂತೊ ಮುಖವಾಡ ನಾನು ಹೊಲಿದ ಬಗೆ

ಮೆಕ್ಸಿಕೋದ ಲೂಚಾ ಲಿಬ್ರೆ ಕುಸ್ತಿಯ ಮುಖವಾಡಗಳಲ್ಲಿ ಹೊಲಿಯಲು ಅತಿ ಕಷ್ಟದ್ದು ಕುಸ್ತಿಪಟು ಎಲ್ ಸಾಂತೊನದೇ. ಜ್ವಾಲೆ, ರೆಕ್ಕೆ, ಕೊಂಬು ಏನೂ ಇಲ್ಲ, ಬರೀ ಬೆಳ್ಳಿ ಬಣ್ಣ. ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಮುಚ್ಚಿಡಲು ಮೇಲೊಂದು ಅಲಂಕಾರವಿಲ್ಲ. ಮಾದರಿಗೆ ನಾನು ನೋಡಿದ್ದು 1952ರಲ್ಲಿ ಶುರುವಾದ ಹೊಸೆ ಜಿ. ಕ್ರೂಸ್ ಅವರ ಸಾಂತೊ ಕಾಮಿಕ್ಸ್ ಪುಟಗಳನ್ನು. ಫೋಟೊ ಕತ್ತರಿಸಿ ಅಂಟಿಸಿ, ಸುತ್ತ ಚಿತ್ರ ಬರೆದು ಮಾಡಿದ ಪುಟಗಳಾದ್ದರಿಂದ ಬಟ್ಟೆ ಎಲ್ಲಿ ಬಿಗಿದಿದೆ, ಎಲ್ಲಿ ನೆರಿಗೆ ಬಿದ್ದಿದೆ ಎಂಬುದು ಕಾಣುತ್ತದೆ.

1930ರ ದಶಕದಲ್ಲಿ ಕುಸ್ತಿಪಟುಗಳಿಗೆ ಮುಖವಾಡ ಮಾಡಿಕೊಟ್ಟ ಆಂತೋನಿಯೊ ಮಾರ್ತಿನೆಸ್ ಮೂಲತಃ ಬೂಟು ಹೊಲಿಯುವವರು. ತಲೆಗೆ 17 ಅಳತೆ ತೆಗೆಯುತ್ತಿದ್ದರಂತೆ. ಅವರದು ಚರ್ಮ, ನನ್ನದು ಹಿಗ್ಗುವ ಬಟ್ಟೆ. ಹಾಗಾಗಿ ಒಂಬತ್ತು ಸಾಕಾದವು. ತಲೆ ಸುತ್ತಳತೆ, ಹಣೆಯಿಂದ ನೆತ್ತಿ ಮೇಲೆ ಹಾದು ಕತ್ತಿನವರೆಗೆ, ನೆತ್ತಿಯಿಂದ ಗದ್ದ, ಕಿವಿಯಿಂದ ಕಿವಿ, ಕಣ್ಣುಪಾಪೆಗಳ ನಡುವಿನ ಅಂತರ, ಇವು ತಪ್ಪುವಂತಿಲ್ಲ.

ಬೆಳ್ಳಿ ಫಾಯಿಲ್ ಹಾಕಿದ ಲೈಕ್ರಾ ಅರ್ಧ ಮೀಟರ್, ಲೈನಿಂಗಿಗೆ ಅಷ್ಟೇ ತೆಳು ಹತ್ತಿ ಲೈಕ್ರಾ. 57 ಸೆಂ.ಮೀ. ತಲೆಗೆ ನಕ್ಷೆಯನ್ನು 51ಕ್ಕೆ ಇಳಿಸಿದೆ. ಇಳಿಸುವುದು ಅಡ್ಡಕ್ಕೆ ಮಾತ್ರ. ಉದ್ದಕ್ಕೂ ಇಳಿಸಿದರೆ ಕಣ್ಣಿನ ತೂತು ಹುಬ್ಬಿಗೆ, ಬಾಯಿಯದು ಮೂಗಿನ ಬುಡಕ್ಕೆ ಏರಿಬಿಡುತ್ತದೆ. ಎಡ, ಬಲ ಎರಡು ತುಂಡು. ಜೋಡಣೆ ನೆತ್ತಿಯಿಂದ ಮೂಗಿನ ಮೇಲೆ ಗದ್ದದವರೆಗೆ, 6 ಮಿ.ಮೀ. ಅಂಚು ಬಿಟ್ಟು.

ಗುಂಡುಪಿನ್ನು ಚುಚ್ಚಿದರೆ ಫಾಯಿಲ್‌ನಲ್ಲಿ ತೂತು ಉಳಿಯುತ್ತದೆ, ಕ್ಲಿಪ್ ಹಾಕಿ. ಇಸ್ತ್ರಿ ಮುಟ್ಟಿಸಲೇಬೇಡಿ, ಬೆಳ್ಳಿ ಕರಗಿ ಕಪ್ಪಾಗುತ್ತದೆ. ಮೆಷಿನ್ ಪಾದಕ್ಕೆ ಬಟ್ಟೆ ಅಂಟಿಕೊಂಡರೆ ಮೇಲೆ ಬಟರ್ ಪೇಪರ್ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಲೈಕ್ರಾ ಸೂಜಿ, ಕಿರಿದಾದ ಜಿಗ್‌ಜಾಗ್. ನೇರ ಹೊಲಿಗೆಯ ದಾರ ಮುಖವಾಡವನ್ನು ಮೊದಲ ಸಲ ಎಳೆದು ಹಾಕಿಕೊಳ್ಳುವಾಗಲೇ ಪಟಪಟ ಕಿತ್ತುಬರುತ್ತದೆ.

ಕಣ್ಣನ್ನು ಮೊದಲೇ ಕತ್ತರಿಸಬಾರದು. ತಲೆಗೆ ಹಾಕಿ, ಪಾಪೆಯ ಜಾಗಕ್ಕೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟು, ಹನಿಯಾಕಾರವನ್ನು ಬೇಕಾದುದಕ್ಕಿಂತ 3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಬಟ್ಟೆ ತಾನಾಗಿ ತೆರೆದುಕೊಳ್ಳುತ್ತದೆ. ಒಳಗೆ ತೆಳು ರೆಕ್ಸಿನ್ ಬಳೆ ಕೊಡದಿದ್ದರೆ ಅಂಚು ಸುರುಳಿ ಸುತ್ತುತ್ತದೆ.

ಹಿಂಭಾಗದ ಲಾಡಿಯ ಕೆಲಸ ದೊಡ್ಡದು. ಎದುರಾಳಿಯ ಮುಖವಾಡ ಕಿತ್ತವನನ್ನು ಪಂದ್ಯದಿಂದ ಅನರ್ಹಗೊಳಿಸುವ ನಿಯಮವಿದ್ದರೂ ಅಲ್ಲಿ ಕೈ ಹಾಕುವವರು ಇದ್ದೇ ಇರುತ್ತಾರೆ. ಎರಡೂ ಅಂಚಿಗೆ 3 ಸೆಂ.ಮೀ. ಕ್ಯಾನ್ವಾಸ್ ಪಟ್ಟಿ ಕೊಟ್ಟು, 2.5 ಸೆಂ.ಮೀ.ಗೊಂದರಂತೆ ಆರು ಜೊತೆ ಐಲೆಟ್ (ಲಾಡಿ ಪೋಣಿಸುವ ಲೋಹದ ಬಳೆ) ಹೊಡೆದೆ. ಪಟ್ಟಿಯಿಲ್ಲದೆ ಹೊಡೆದ ಐಲೆಟ್ ಲೈಕ್ರಾ ಸಮೇತ ಕಿತ್ತುಬರುತ್ತದೆ. ಕೂದಲು ಸಿಕ್ಕಿಕೊಳ್ಳದಂತೆ ಲಾಡಿಯ ಕೆಳಗೆ, ಬೂಟಿನಲ್ಲಿ ಇರುವ ಹಾಗೆ, ಒಂದು ನಾಲಗೆ.

ತಣ್ಣೀರಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ. ಮಡಚಿಟ್ಟರೆ ಮಡಿಕೆಯಲ್ಲೇ ಬೆಳ್ಳಿ ಉದುರುತ್ತದೆ, ಒಳಗೆ ಕಾಗದ ತುಂಬಿ ಇಡಿ.